ಮಟಮಟ ಮಧ್ಯಾಹ್ನದ ಕಾಗದ

ನಮ್ಮ ಊರಲ್ಲಿ ಕಾಗದವನ್ನು ಮನೆಯೊಳಗೆ ಒಡೆಯುವುದಿಲ್ಲ. ಅಂಗಳಕ್ಕೆ ತಂದು, ತಂತಿಯ ಮೇಲಿನ ಬಟ್ಟೆ ತೆಗೆದು, ಎಳೆಮಕ್ಕಳನ್ನು ಒಳಗೆ ಮಲಗಿಸಿ, ಆಮೇಲೆ ಒಡೆಯುತ್ತಾರೆ. ಬರೆದವರು ಕೂತಿದ್ದ ಜಾಗದ ಹವೆ ಲಕೋಟೆಯೊಳಗೆ ಬಂದಿರುತ್ತದೆ. ಬರೆಯಲು ಅವರಿಗೆ ಎಷ್ಟು ಹೊತ್ತು ಹಿಡಿದಿತ್ತೋ ಅಷ್ಟು ಹೊತ್ತು ಅದು ನಮ್ಮ ಅಂಗಳದಲ್ಲಿ ಇದ್ದು ಹೋಗುತ್ತದೆ. ಸಮುದ್ರದ ಕಡೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಕಾಗದ ಒಡೆದರೆ ಮೈಯೆಲ್ಲ ಅಂಟಂಟು, ತುಟಿಯ ಮೇಲೆ ಉಪ್ಪು. ಮರಳುಗಾಡಿಗೆ ಕೆಲಸಕ್ಕೆ ಹೋದವರ ಕಾಗದಕ್ಕೆ ಮಳೆಗಾಲದಲ್ಲಿ ಎಲ್ಲಿಲ್ಲದ ಮರ್ಯಾದೆ. ಅಕ್ಕಪಕ್ಕದವರೆಲ್ಲ ಒದ್ದೆ ಕಂಬಳಿ, ಸಂಡಿಗೆ ತಟ್ಟೆ ಹಿಡಿದು ಬರುತ್ತಾರೆ. "ನಾಳೆವರೆಗೂ ಒಡೀಬ್ಯಾಡ ಕಣೇ, ಹಪ್ಪಳ ಒತ್ತಿಬಿಡ್ತೀನಿ" ಎಂದು ಗೋಗರೆಯುವುದೂ ಉಂಟು. ಒಮ್ಮೆ ಒಡೆದು ಹವೆ ಮುಗಿದರೆ ಅದು ಬರೀ ಕಾಗದ. ಎಲ್ಲಿ ಬೇಕಾದರೂ ಕೂತು ಓದಿಕೊಳ್ಳಬಹುದು.

ನಾನು ಇದೇ ಊರಲ್ಲಿ ಹುಟ್ಟಿದವಳು, ಇದೇ ಊರಿಗೆ ಸೊಸೆಯಾದವಳು. ಬಿ.ಎ. ಓದಲು ದೂರದ ಹಾಸ್ಟೆಲಿನಲ್ಲಿದ್ದಾಗ ಫ್ಯಾನಿನ ಕೆಳಗೆ ಕೂತು ಮನೆಗೆ ಬರೆಯುತ್ತಿದ್ದೆ. ಅಪ್ಪ ಆ ಗಾಳಿಗೆ ರಾಗಿ ತೂರುತ್ತಿದ್ದರು. ರಾಗಿ ಹೆಚ್ಚಿದ್ದ ವರ್ಷ "ಸ್ವಲ್ಪ ಉದ್ದ ಬರೆ ಮಗಳೇ" ಎಂದು ಹೇಳಿಕಳಿಸಿದ್ದರು. ಹಾಗಾಗಿ ಯಾವ ಮಾತನ್ನು ಎಲ್ಲಿ ಕೂತು ಬರೆಯಬೇಕು ಎನ್ನುವ ಎಚ್ಚರ ನನಗೆ ಆಗಿನಿಂದಲೂ ಇತ್ತು. ಬರೆಯುವ ಮೊದಲು ಆಕಾಶ ನೋಡುತ್ತಿದ್ದೆ. ಬರೆದ ಮೇಲೆ ಪ್ರತಿ ಮಾತನ್ನೂ ಮತ್ತೆ ಓದಿ, ಒಂದನ್ನು ಹೊಡೆದು ಇನ್ನೊಂದು ಹಾಕುತ್ತಿದ್ದೆ. "ಕಾಗದ ಬರೀತೀಯೋ, ಅಕ್ಕಿಲಿ ಕಲ್ಲು ಆರಿಸ್ತೀಯೋ" ಎಂದು ಅತ್ತೆ ನಗುತ್ತಿದ್ದರು. ಅತ್ತೆಯ ಹೆಸರು ನಿಂಗಾಜಮ್ಮ. ಅವರಿಗಿದ್ದವನು ಒಬ್ಬನೇ ಮಗ, ಮರಿಸ್ವಾಮಿ, ನನ್ನ ಗಂಡ.

ಯುದ್ಧ ಶುರುವಾದಾಗ ನನ್ನವರು ರಜೆಯ ಮೇಲೆ ಮನೆಯಲ್ಲಿದ್ದರು. ತಂತಿ ಬಂತು, ಹೊರಟುಹೋದರು. ಮೊದಲ ಕಾಗದ ಎಲ್ಲೋ ಬಯಲುನಾಡಿನಿಂದ ಬಂದದ್ದು. ಒಡೆದಾಗ ಅಂಗಳವೆಲ್ಲ ಧೂಳಾಯಿತು. ಎರಡನೆಯದನ್ನು ಅಂಚೆಯ ಗೌಸ್ ಸಾಬರು ಎರಡೇ ಬೆರಳಲ್ಲಿ ತುದಿ ಹಿಡಿದು ತಂದರು. "ತಗೊಳ್ಳಿ ತಾಯಿ, ಕೈ ಕೊರೀತದೆ" ಎಂದರು. ಒಡೆದೆ. ಹಿಮ ಬಿತ್ತು.

ನಮ್ಮ ಊರು ಹಿಮವನ್ನು ಕಂಡದ್ದು ಅದೇ ಮೊದಲು. ಸದ್ದೇ ಇಲ್ಲದೆ, ಹತ್ತಿ ಬಿಡಿಸಿದ ಹಾಗೆ, ತುಳಸಿಕಟ್ಟೆಯ ಮೇಲೆ, ಒಳಕಲ್ಲಿನ ಗುಳಿಯೊಳಗೆ ಇಳಿಯಿತು. ಅತ್ತೆ ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು ಒಂದು ಹಿಡಿ ಎತ್ತಿಕೊಂಡರು. ಅದು ಬೊಗಸೆಯಲ್ಲೇ ನೀರಾಗುವವರೆಗೂ ನೋಡುತ್ತಿದ್ದು, ಆ ನೀರನ್ನು ಚೆಲ್ಲದೆ ತಲೆಗೆ ಸವರಿಕೊಂಡರು. ಪಕ್ಕದ ಮನೆಯ ಸಾಕಮ್ಮ ಗೋಡೆಯ ಆಚೆಯಿಂದ "ಅಯ್ಯೋ ನಿಲ್ರವ್ವ, ಪಾನಕ ತರ್ತೀನಿ, ತಣ್ಣಗಾಗ್ಲಿ" ಎಂದು ಕೂಗಿ ಒಳಗೆ ಓಡಿದಳು. ಅವಳು ಚೊಂಬು ಹಿಡಿದು ಬರುವುದರೊಳಗೆ ಹಿಮ ನಿಂತಿತ್ತು. ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಬೀಳಲಿಲ್ಲ. ಕಾಗದದಲ್ಲಿ ಇದ್ದದ್ದೂ ಅಷ್ಟೇ: "ನಾನು ಕ್ಷೇಮ. ನಿನ್ನ ಕಾಗದ ತಲುಪಿತು. ಅವ್ವನ ಮಂಡಿಗೆ ಎಣ್ಣೆ ತಿಕ್ಕು. ಇಲ್ಲಿ ಚಳಿ ಇದೆ, ತೊಂದರೆ ಇಲ್ಲ."

ನಾಲ್ಕು ಸಾಲು. ಮನೆಯಲ್ಲಿದ್ದಾಗ ಊಟದ ತಟ್ಟೆ ಒಣಗಿದರೂ ಏಳದೆ ಮಾತಾಡುತ್ತಿದ್ದ ಮನುಷ್ಯ.

ಅಷ್ಟರಲ್ಲಿ ನಾನು ಬಸುರಿ ಎಂದು ಖಚಿತವಾಗಿತ್ತು. ಅದನ್ನು ಹೇಗೆ ಬರೆಯಲಿ ಎಂದು ದಿನಗಟ್ಟಲೆ ಯೋಚಿಸಿದೆ. ಕೊನೆಗೆ ಒಂದು ಬೆಳಿಗ್ಗೆ ತೆಳುವಾದ ಗಾಳಿ ಇರುವಾಗ, ನುಗ್ಗೆಮರದ ಕೆಳಗೆ ಚಾಪೆ ಹಾಕಿ ಕೂತು, ಎರಡು ಪುಟ ಬರೆದೆ. ನಮ್ಮ ಊರಲ್ಲಿ ಕೂತು ಬರೆದ ಕಾಗದ ಎಲ್ಲಿ ಒಡೆದರೂ ಅಲ್ಲಿ ನಮ್ಮ ಊರಿನ ಹವೆಯೇ ಬರುತ್ತದೆ. ಸುದ್ದಿಯ ಜೊತೆಗೆ ಆ ಬೆಳಗೂ ಅವರಿಗೆ ಸಿಗಲಿ ಎಂಬ ಆಸೆ ನನಗೆ. ಉತ್ತರ ಬಂತು. ಹಿಮ ಬಿತ್ತು, ನಿಂತಿತು. "ನಾನು ಕ್ಷೇಮ. ನಿನ್ನ ಕಾಗದ ತಲುಪಿತು. ಅವ್ವ ಉಪ್ಪು ಕಮ್ಮಿ ತಿನ್ನಲಿ. ಇಲ್ಲಿ ತೊಂದರೆ ಇಲ್ಲ."

ಮಗುವಿನ ಮಾತೇ ಇಲ್ಲ. ಕಾಗದವನ್ನು ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಅಕ್ಷರ ಅವರದೇ, 'ತ'ದ ಬಾಲ ಮೇಲಕ್ಕೆ ಎಳೆಯುವುದು ಅವರೇ. ಮತ್ತೆ ಬರೆದೆ, ಈ ಸಲ ಸುತ್ತು ಬಳಸು ಇಲ್ಲದೆ. ಮತ್ತೆ ನಾಲ್ಕು ಸಾಲು ಬಂತು, ಮಗುವಿನ ಮಾತಿಲ್ಲ. ಇನ್ನೊಮ್ಮೆ ಬರೆದೆ. ಆಗಲೂ ಅಷ್ಟೇ.

"ಗಂಡಸ್ರಿಗೆ ಅವೆಲ್ಲ ಬರಿಯಾಕೆ ನಾಚ್ಕೆ ಕಣವ್ವ" ಎಂದರು ಅತ್ತೆ. "ಇವನು ಹುಟ್ದಾಗ ಇವರಪ್ಪ ಬಾಗಿಲಲ್ಲಿ ನಿಂತ್ಕೊಂಡು, ಎಮ್ಮೆ ಹಾಲು ಕೊಡ್ತಾ ಅಂತ ಕೇಳಿದ್ರು."

ನಾನೂ ನಕ್ಕೆ. ಆದರೆ ನನ್ನ ಮನಸ್ಸು ಸುಮ್ಮನಿರುವ ಮನಸ್ಸಲ್ಲ. ಅವರಿಗೆ ಇಷ್ಟವಿಲ್ಲವೇ? ಆ ಚಳಿಯಲ್ಲಿ ಅವರ ಒಳಗೇ ಏನೋ ಮರಗಟ್ಟಿ ಹೋಯಿತೇ? ನನ್ನ ಮಾತು ಅಲ್ಲಿಗೆ ಮುಟ್ಟುತ್ತಿದೆಯೋ ಇಲ್ಲವೋ, ಅದೊಂದು ತಿಳಿದರೆ ಸಾಕಿತ್ತು. ಹೊಟ್ಟೆಯೊಳಗೆ ಮಗು ಮಿಸುಕಿದಾಗಲೆಲ್ಲ, ಇದನ್ನು ಕಾಯುತ್ತಿರುವವಳು ನಾನೊಬ್ಬಳೇ ಅನ್ನಿಸುತ್ತಿತ್ತು.

ಬೇಸಿಗೆ ಬಂತು. ನಮ್ಮ ಬೀದಿಯ ಹೆಂಗಸರು ಈಗ ನನ್ನವರ ಕಾಗದಕ್ಕಾಗಿ ನನಗಿಂತ ಹೆಚ್ಚು ಕಾಯುತ್ತಿದ್ದರು. ಗೌಸ್ ಸಾಬರು ಬೀದಿಯ ಕೊನೆಯಲ್ಲಿ ಕಂಡರೆ ಸಾಕು, ಮಾವಿನ ಹಣ್ಣು, ಮಜ್ಜಿಗೆ, ಕೂಸುಗಳ ಬೆವರುಸಾಲೆಯ ಬೆನ್ನು, ಎಲ್ಲವೂ ನಮ್ಮ ಅಂಗಳಕ್ಕೆ ಬರುತ್ತಿದ್ದವು. ಒಂದು ಸಲ ಹಾಗೆ ಹಿಮ ಬಿದ್ದು ಕರಗಿದ ಮೇಲೆ, ಸಾಕಮ್ಮ ಚೀಪುತ್ತಿದ್ದ ತಣ್ಣನೆಯ ಮಾವಿನ ವಾಟೆಯನ್ನು ಇದ್ದಕ್ಕಿದ್ದ ಹಾಗೆ ಬಾಯಿಂದ ತೆಗೆದಳು.

"ಅಲ್ಲ ವನಜಾಕ್ಷಮ್ಮ, ಅಣ್ಣ ಅಲ್ಲಿ ನಡುಗ್ತಾ ಕೂತು ಬರೀತಾರೆ, ನಾವು ಇಲ್ಲಿ ಆ ಚಳೀನ ಹಣ್ಣಿನ ಜೊತೆ ತಿಂತಾ ಇದೀವಲ್ಲ. ನೀವು ನೋಡಿದ್ರೆ ತಂಪೊತ್ತಲ್ಲಿ, ನೆರಳಲ್ಲಿ ಕೂತು ಬರೀತೀರ. ಒಂದ್ಸಲ ನಮ್ಮ ಬಿಸಿಲು ಕಳಿಸಬಾರದಾ?"

ಇದು ನನಗೇ ಯಾಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. ಮರುದಿನ ಮಟಮಟ ಮಧ್ಯಾಹ್ನ, ಕಾಗೆಯೂ ಹಾರದ ಹೊತ್ತಿನಲ್ಲಿ, ತಾರಸಿಯ ಮೇಲೆ ಕೂತೆ. ಬಸುರಿ ಎಂದು ಅತ್ತೆ ಕೊಡೆ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ "ಅಯ್ಯೋ, ಕಾಗದದ ಜೊತೆ ಈ ನೆರಳೂ ಹೊಂಟೋಯ್ತದೆ" ಎಂದು ತಾವೇ ಕೊಡೆ ಮಡಿಚಿ ನನ್ನ ತಲೆಯ ಮೇಲೆ ಒದ್ದೆ ಟವೆಲು ಹಾಕಿದರು. ನಾನು ಬೇಕೆಂದೇ ನಿಧಾನವಾಗಿ ಬರೆದೆ. ಬೀದಿಯಲ್ಲಿ ಯಾರ ಮನೆಯ ಎಮ್ಮೆ ಈದಿತು, ನುಗ್ಗೆಮರದಲ್ಲಿ ಎಷ್ಟು ಕಾಯಿ ಬಿಟ್ಟಿತು, ಎಲ್ಲ ಬರೆದೆ. ಮಗುವಿನ ವಿಷಯವನ್ನು ಮತ್ತೊಮ್ಮೆ ಬರೆದೆ. ನೆರಳು ಗೋಡೆಯಿಂದ ಇಳಿದು ತಾರಸಿಯ ಅರ್ಧಕ್ಕೆ ಬಂದಾಗ ಲಕೋಟೆ ಅಂಟಿಸಿದೆ. ಗೌಸ್ ಸಾಬರು ಅದನ್ನು ಹೆಗಲ ವಸ್ತ್ರದಲ್ಲಿ ಹಿಡಿದುಕೊಂಡರು. "ಇದು ಕಾಗದವೋ ಕೆಂಡವೋ ತಾಯಿ" ಎಂದು ನಗುತ್ತಾ ಹೋದರು.

ಬೀದಿಗೇ ಒಂದು ಹಬ್ಬ ಮಾಡಿದ ಸಮಾಧಾನ. ಅದು ಎರಡು ದಿನವೂ ಇರಲಿಲ್ಲ.

ಹವಾಲ್ದಾರ್ ರಾಯಪ್ಪನವರು ಹಿಂದಿನ ಯುದ್ಧದಲ್ಲಿ ಹಿಮದ ಗುಡ್ಡಗಳಲ್ಲಿದ್ದು ಬಂದವರು. ಎಡಗಾಲಿನ ಬೆರಳುಗಳಿಲ್ಲ. ದಿನವೂ ಅಂಚೆ ಕಚೇರಿಯ ಜಗಲಿಯ ಮೇಲೆ ಕೂತು ಪೇಪರು ಓದುತ್ತಾರೆ. ಗೌಸ್ ಸಾಬರು ಬಿಸಿಲಿನ ಕಾಗದದ ಸುದ್ದಿಯನ್ನು ತಮಾಷೆಗೆಂದು ಅವರಿಗೆ ಹೇಳಿದ್ದಾರೆ. ರಾಯಪ್ಪನವರು ಕೋಲೂರಿಕೊಂಡು ನೇರ ನಮ್ಮ ಮನೆಗೆ ಬಂದರು. ಕೂರಿ ಎಂದರೆ ಕೂರಲಿಲ್ಲ.

"ಎಲ್ಲಿ ಕೂತು ಬರದೆ ಮಗಳೇ?"

"ತಾರಸಿ ಮೇಲೆ."

"ಎಷ್ಟೊತ್ತಲ್ಲಿ?"

ಹೇಳಿದೆ. ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಅಲ್ಲಿ ನಾವು ಶತ್ರುಗೂ ಅಷ್ಟು ಹೆದರ್ತಿರಲಿಲ್ಲ. ತಲೆ ಮೇಲೆ ಹಿಮ ಗೋಡೆ ಥರ ನಿಂತಿರ್ತದೆ. ಸ್ವಲ್ಪ ಬಿಸಿಲು ಜೋರಾದ್ರೆ ಸಾಕು, ಬುಡ ಸಡಿಲ ಆಗಿ ಪೂರ್ತಿ ಗುಡ್ಡವೇ ಕೆಳಕ್ಕೆ ಬರ್ತದೆ. ಕೆಮ್ಮು ಬಂದ್ರೂ ಬಾಯಿಗೆ ಕಂಬಳಿ ತುರುಕ್ಕೊಂಡು ಕೆಮ್ಮೋದು. ಅಂಥಾ ಜಾಗದಲ್ಲಿ ನಮ್ಮೂರ ಮಧ್ಯಾಹ್ನ ಒಡದ್ರೆ..."

ಅತ್ತೆಗೆ ತಕ್ಷಣ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದ ಮೇಲೆ ಅರ್ಥವಾಯಿತು.

ಅಂಚೆ ಕಚೇರಿಗೆ ಓಡಿದೆ. ಚೀಲ ನಿನ್ನೆಯೇ ರೈಲು ಹತ್ತಿತ್ತು. ತಂತಿ ಕಳಿಸಿ ಎಂದು ಕಿಟಕಿಯ ಸರಳು ಹಿಡಿದು ಬೇಡಿದೆ. "ತಂತಿ ಬೆಟ್ಟದ ಬುಡದವರೆಗೆ ಮಾತ್ರ ಅಮ್ಮಾ" ಎಂದರು ಒಳಗಿದ್ದವರು, "ಅಲ್ಲಿಂದ ಮೇಲಕ್ಕೆ ಅದೂ ಕಾಗದದ ಜೊತೆ ಅದೇ ಹೇಸರಗತ್ತೆ ಮೇಲೇ ಹೋಗಬೇಕು." ಆದರೂ ಕಳಿಸಿದೆ. ನಾನು ಬರೆದದ್ದನ್ನು ಹಿಂದಕ್ಕೆ ತರಲು ನಾನು ಬರೆಯುವ ಯಾವುದಕ್ಕೂ ಕಾಲು ಸಾಲುತ್ತಿರಲಿಲ್ಲ.

ಆಮೇಲಿನ ದಿನಗಳು ನನಗೆ ಒಂದೊಂದಾಗಿ ನೆನಪಿಲ್ಲ, ಒಂದೇ ಉದ್ದನೆಯ ಮಧ್ಯಾಹ್ನದ ಹಾಗೆ ನೆನಪಿವೆ. ಹಿಮದ ಕಡೆಯ ಒಂದು ಗುಡ್ಡ ಕುಸಿಯಿತು ಎಂದು ರೇಡಿಯೋ ಹೇಳಿತು. ಯಾವ ಗುಡ್ಡ, ಯಾರಿದ್ದರು, ಹೇಳಲಿಲ್ಲ. ಸಾಕಮ್ಮ ನೀರಿಗೆ ಬರುವಾಗ ತಲೆ ತಗ್ಗಿಸಿಕೊಂಡು ಗೋಡೆ ಬದಿಯಲ್ಲಿ ನಡೆಯುತ್ತಿದ್ದಳು. ಅತ್ತೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬದಲಿಗೆ ಒಗೆದ ಬಟ್ಟೆಯನ್ನು ಅಂಗಳದ ತಂತಿಗೆ ಹಾಕುವುದನ್ನೇ ಬಿಟ್ಟರು. ಅಡುಗೆಮನೆಯಲ್ಲಿ, ನಡುಮನೆಯಲ್ಲಿ ಹಗ್ಗ ಕಟ್ಟಿ ಅಲ್ಲೇ ಒಣಗಿಸಿದರು. ಯಾವ ಗಳಿಗೆಯಲ್ಲಿ ಕಾಗದ ಬಂದರೂ ಅಂಗಳ ಸಿದ್ಧವಾಗಿರಬೇಕು. ಒದ್ದೆ ಸೀರೆಗಳ ನಡುವೆ ಬಗ್ಗಿ ಬಗ್ಗಿ ಓಡಾಡುತ್ತಾ, ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಅನ್ನ ಮಾಡಿದೆವು, ಉಂಡೆವು.

ಕೊನೆಗೂ ಗೌಸ್ ಸಾಬರು ಬಂದರು. ದೂರದಿಂದಲೇ ಕೈ ಎತ್ತಿದರು, ಲಕೋಟೆ ತಣ್ಣಗಿತ್ತು. ಆದರೆ ನನ್ನ ಕಾಗದ ಮುಟ್ಟುವ ಮೊದಲೇ ಬರೆದದ್ದಾಗಿದ್ದರೆ? ಅದನ್ನು ಹಿಡಿದು ಅಂಗಳದಲ್ಲಿ ನಿಂತುಬಿಟ್ಟೆ. ಅತ್ತೆ ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಗದ್ದ ಊರಿ "ಒಡಿ" ಎಂದರು. ಹಿಮ ಬಿತ್ತು. ಈ ಸಲ ಬೇಗ ನಿಲ್ಲಲಿಲ್ಲ. ಒಲೆಯ ಮೇಲಿದ್ದ ಅನ್ನ ಸೀದ ವಾಸನೆ ಬರುವವರೆಗೂ ಬಿತ್ತು. ನಿಂತ ಮೇಲೆ ಜಗಲಿಯಲ್ಲಿ ಕೂತು ಅತ್ತೆಗೆ ಕೇಳುವ ಹಾಗೆ ಓದಿದೆ.

"ವನಜಾ, ನಿನ್ನ ಈ ಸಲದ ಕಾಗದ ತಲುಪಿತು. ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಕಾಗದ ಒಂದನ್ನೂ ನಾನು ಒಡೆದಿಲ್ಲ. ನಮ್ಮ ಊರಿನ ಕಾಗದ ಇಲ್ಲಿ ಒಡೆಯಬಾರದೆಂದು ಸುಬೇದಾರರ ಆಜ್ಞೆ. ಅದು ಸರಿಯೂ ಹೌದು, ಮೇಲೆ ಹಿಮ ನಿಂತಿದೆ. ಎಲ್ಲವನ್ನೂ ಅಂಗಿಯೊಳಗೆ ಎದೆಗೆ ಇಟ್ಟುಕೊಂಡಿದ್ದೇನೆ, ಬೆಚ್ಚಗಿರುತ್ತವೆ. ಈ ಸಲದ್ದು ಮಾತ್ರ ಇಟ್ಟುಕೊಳ್ಳಲಾಗಲಿಲ್ಲ, ಸುಡುತ್ತದೆ. ಎಲ್ಲರೂ ಸರದಿಯ ಮೇಲೆ ಅದಕ್ಕೆ ಕೈ ಕಾಯಿಸಿಕೊಳ್ಳುತ್ತೇವೆ. ಕಾಲು ಮರಗಟ್ಟಿದ ಒಬ್ಬರ ಪಾದಕ್ಕೆ ಕಟ್ಟಿದೆವು, ಬೆರಳು ಉಳಿದವು. ನಿನಗೆ ಅವರೆಲ್ಲ ನಮಸ್ಕಾರ ಹೇಳಿದ್ದಾರೆ. ಅಷ್ಟೊಂದು ಏನು ಬರೆದಿದ್ದೀ? ಕೆಳಗೆ ಇಳಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಓದುತ್ತೇನೆ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತುಬಿಟ್ಟೆ. ಗೋಡೆಯ ಆಚೆ ಸಾಕಮ್ಮನೂ ಅಳುತ್ತಿದ್ದದ್ದು ಕೇಳಿಸಿತು. ಅತ್ತು ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು, "ಅಂದ್ರೆ ಅವನಿಗೆ ಕೂಸಿನ ಸುದ್ದೀನೇ ಗೊತ್ತಿಲ್ಲ" ಎಂದರು.

"ಇಳಿದ ಮೇಲೆ ಓದ್ತಾರಂತೆ ಅತ್ತೆ."

"ಇಳಿದ ಮ್ಯಾಲೆ" ಎಂದರು ಅತ್ತೆ. ಆ ಮಾತನ್ನು ಇನ್ನೊಂದು ಸಲ ಬಾಯೊಳಗೇ ಹೇಳಿಕೊಂಡರು. ಅಲ್ಲಿಗೆ ಹೋದವರೆಲ್ಲ ಇಳಿಯುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಇನ್ನು ಕಾಯುವ ಹಾಗಿರಲಿಲ್ಲ. ತಂತಿಯನ್ನು ನಂಬುವ ಹಾಗೂ ಇರಲಿಲ್ಲ, ನಾನು ಕಳಿಸಿದ್ದು ಅವರಿಗೆ ಮುಟ್ಟಿದ ಸುಳಿವೇ ಕಾಗದದಲ್ಲಿರಲಿಲ್ಲ. ಅವರು ಅಲ್ಲೇ, ಆ ಹಿಮದ ಕೆಳಗೇ ಕೂತು ಓದಬಹುದಾದ ಕಾಗದ ಒಂದನ್ನು ಬರೆಯಬೇಕಿತ್ತು. ಆದರೆ ನಮ್ಮ ಊರಲ್ಲಿ ಅಂಥ ಚಳಿ ಎಲ್ಲಿದೆ?

ಗೋಡೆಯ ಆಚೆಯಿಂದ ಮೂಗು ಸೀಟುವ ಸದ್ದು ಬಂತು. "ನಮ್ಮನೇರ ಐಸ್ ಫ್ಯಾಕ್ಟರಿ ಇಲ್ವಾ?" ಎಂದಳು ಸಾಕಮ್ಮ.

ಅವಳ ಗಂಡ ಶಿವಲಿಂಗು ಮೀನು ಮಾರ್ಕೆಟ್ಟಿನ ಹಿಂದಿರುವ ಐಸ್ ಫ್ಯಾಕ್ಟರಿಯಲ್ಲಿ ಯಂತ್ರ ನೋಡಿಕೊಳ್ಳುವವನು. ಅತ್ತೆ ಮೊದಲು ಖಡಾಖಂಡಿತ ಒಪ್ಪಲಿಲ್ಲ. "ಬಸುರಿ ಹೆಂಗಸು ಐಸಿನೊಳಗೆ ಹೋಗಿ ಕೂರೋದಾ? ನಿಮ್ಮಿಬ್ರಿಗೂ ತಲೆ ಕೆಟ್ಟದಾ? ಹೋದ್ಸಲ ಇವಳ ಮಾತು ಕೇಳಿ ಏನಾಯ್ತು?" ಎಂದು ಸಾಕಮ್ಮನನ್ನು ಬಾಯಿಗೆ ಬಂದ ಹಾಗೆ ಬೈದರು. ಬೈಯುತ್ತಲೇ ಪೆಟ್ಟಿಗೆ ತೆಗೆದು ಕಂಬಳಿ, ಮಗನ ಹಳೇ ಸ್ವೆಟರು, ಮಾವನವರ ಮಫ್ಲರು ಎಲ್ಲ ಹೊರಗೆ ಎಳೆದರು. ಈ ಸಲ ರಾಯಪ್ಪನವರನ್ನು ಮೊದಲೇ ಕೇಳಿದೆವು. ಅವರು ಯೋಚಿಸಿ, "ಚಳಿ ಇದ್ರೆ ಸಾಲದು, ಗಾಳಿ ಅಲ್ಲಾಡಬಾರದು. ಯಂತ್ರದ ಗಾಳಿ ನಿಲ್ಲಿಸಿ ಬರೀಲಿ" ಎಂದರು.

ಶಿವಲಿಂಗು ಯಂತ್ರ ನಿಲ್ಲಿಸಿದ. ಬಾಗಿಲಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮೀನಿನವರು ಗೊಣಗಿದರು. "ಮಿಲಿಟರಿ ಕಾಗದ ಕಣ್ರೋ" ಎಂದ ಅವನು. ಗೊಣಗು ನಿಂತಿತು. ಒಳಗೆ ನೀಲಿಯಾದ ಐಸಿನ ಗೋಡೆಗಳ ನಡುವೆ ಒಂದು ಮರದ ಪೆಟ್ಟಿಗೆಯ ಮೇಲೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸಿ ಬಾಗಿಲು ಎಳೆದರು.

ಏನು ಬರೆಯಬೇಕೆಂದು ಮನೆಯಲ್ಲೇ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಒಳ್ಳೆಯ ಮಾತುಗಳು. ಅವು ಮೊದಲು ಇದ್ದವು, ಉಸಿರು ಹೊಗೆಯಾಗಿ ಎದುರಿಗೆ ನಿಂತಾಗ ಒಂದೊಂದಾಗಿ ಹೋದವು. ಪೆನ್ನಿನ ಮಸಿ ಇಳಿಯಲಿಲ್ಲ. ಪೆನ್ಸಿಲು ತೆಗೆದೆ. ಎರಡು ಪದ ಬರೆಯುವುದರೊಳಗೆ ಬೆರಳು ಯಾರದೋ ಬೆರಳಾಯಿತು. ಕೈಯನ್ನು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊಳ್ಳುವುದು, ಒಂದು ಪದ ಬರೆಯುವುದು, ಮತ್ತೆ ಕಂಕುಳಲ್ಲಿ ಇಡುವುದು. ಯಾವುದನ್ನೂ ಹೊಡೆದು ತಿದ್ದುವ ಹಾಗಿರಲಿಲ್ಲ. ನನ್ನ ಮುಂದೆ ಆಗಿದ್ದದ್ದು ನಾಲ್ಕು ಸಾಲು. ಅದನ್ನು ನೋಡುತ್ತಾ ಅವರ ನಾಲ್ಕು ಸಾಲುಗಳ ಮೇಲೆ ನಾನು ಮುನಿಸಿಕೊಂಡದ್ದೆಲ್ಲ ನೆನಪಾಯಿತು. ಅವ್ವನ ಮಂಡಿಗೆ ಎಣ್ಣೆ ತಿಕ್ಕು ಎನ್ನಲು ಅವರು ಎಷ್ಟು ಸಲ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡಿರಬೇಕು.

"ನಮಗೆ ಮಗುವಾಗುತ್ತದೆ. ಏಳು ತಿಂಗಳು ತುಂಬಿತು. ಅತ್ತೆಯೂ ನಾನೂ ಕ್ಷೇಮ. ಬಿಸಿಲಿನದನ್ನು ಒಡೆಯಬೇಡಿ."

ಇಷ್ಟೇ. ಲಕೋಟೆಯ ಮೇಲೆ 'ಅಲ್ಲೇ ಒಡೆಯಬಹುದು' ಎಂದು ಬರೆದೆ. ಅತ್ತೆ ನನ್ನನ್ನು ಹೊರಗೆಳೆದು, ಬೀದಿಯ ಬಿಸಿಲಲ್ಲೇ ನಿಲ್ಲಿಸಿ, ಅಂಗೈ ಅಂಗಾಲು ಉಜ್ಜಿದರು. ಹಲ್ಲು ಕಟಕಟ ಎನ್ನುತ್ತಿತ್ತು. ಗೌಸ್ ಸಾಬರು ಐಸಿಗೆ ಹಾಕುವ ಮರದ ಹೊಟ್ಟನ್ನು ಒಂದು ಡಬ್ಬಿಯಲ್ಲಿ ತುಂಬಿ, ಕಾಗದವನ್ನು ಅದರೊಳಗೆ ಮಲಗಿಸಿಕೊಂಡು ಹೋದರು. ಅಲ್ಲಿಯವರೆಗೆ ನಾನು ಬರೆದ ಕಾಗದಗಳೆಲ್ಲ ಅವರನ್ನು ಬೆಚ್ಚಗಿಟ್ಟಿದ್ದವು, ಒಂದನ್ನೂ ಅವರು ಓದಿರಲಿಲ್ಲ. ಇದೊಂದನ್ನು ಎದೆಗೆ ಇಟ್ಟುಕೊಂಡರೆ ಅವರಿಗೆ ಚಳಿಯೇ ಹೆಚ್ಚಾಗುತ್ತದೆ. ಓದಲು ಇರುವುದು ಇದೊಂದೇ.

ಮತ್ತೆ ಕಾಯುವ ದಿನಗಳು. ನೆಲದ ಮೇಲೆ ಕೂತರೆ ನನಗೆ ಒಬ್ಬಳೇ ಏಳಲು ಆಗುತ್ತಿರಲಿಲ್ಲ. ಮೊದಲ ಮಳೆಯ ಮೋಡಗಳು ಊರಿನ ಮೇಲೆ ಬಂದು ನಿಂತಿದ್ದವು, ಸುರಿಯುತ್ತಿರಲಿಲ್ಲ. ಗೌಸ್ ಸಾಬರು ಒಂದು ಬೆಳಿಗ್ಗೆ ಕಾಗದ ತಂದು ಕೊಟ್ಟು, ಹೋಗದೆ, ಬಾಗಿಲಲ್ಲೇ ನಿಂತರು. ರಾಯಪ್ಪನವರೂ ಅವರ ಹಿಂದೆ ಬಂದಿದ್ದರು. ಸಾಕಮ್ಮ ಈ ಸಲ ಪಾನಕ, ಹಣ್ಣು ಏನನ್ನೂ ತರಲಿಲ್ಲ. ಬರಿಗೈಯಲ್ಲಿ ಬಂದು ಗೋಡೆಗೆ ಒರಗಿ ನಿಂತಳು.

ನಾನು ಜಗಲಿಯ ಅಂಚಿನಲ್ಲಿ ಕೂತು ಅಂಗಳದ ಕಡೆಗೆ ಕೈ ಚಾಚಿ ಒಡೆದೆ. ಹಿಮ ಬಿತ್ತು.

ಕಾಫಿ ಕುಡಿಯುವಷ್ಟು ಹೊತ್ತಾಯಿತು. ಅನ್ನ ಬೇಯುವಷ್ಟು ಹೊತ್ತಾಯಿತು. ನಿಲ್ಲಲಿಲ್ಲ. ಒಳಕಲ್ಲು ಮುಚ್ಚಿಹೋಯಿತು. ನುಗ್ಗೆಮರದ ಕೊಂಬೆಗಳು ಬಿಳಿಯಾದವು. ಬೀದಿಯ ಜನ ಬಂದು ಬಂದು ಗೋಡೆಯ ಸುತ್ತ ತುಂಬಿದರು. ಕಾಗದ ನನ್ನ ಮಡಿಲಲ್ಲಿ ದಪ್ಪಗೆ ಬಿದ್ದಿತ್ತು, ನಾನು ಬಿಡಿಸಿರಲಿಲ್ಲ. ಹೊತ್ತು ನೆತ್ತಿಗೆ ಬಂದು ಇಳಿಯತೊಡಗಿತು, ಹಿಮ ಇನ್ನೂ ಸುರಿಯುತ್ತಲೇ ಇತ್ತು. ಅಷ್ಟು ಹೊತ್ತು ಅವರು ಆ ಚಳಿಯಲ್ಲಿ ಕೈಗವಸು ಕಳಚಿ ಕೂತಿದ್ದರು.

ಅತ್ತೆಗೆ ತಡೆಯಲಾಗಲಿಲ್ಲ. ಬರಿಗಾಲಲ್ಲೇ ಅಂಗಳದ ನಡುವೆ ಹೋಗಿ ನಿಂತು, ಮುಖ ಮೇಲಕ್ಕೆತ್ತಿ, ಬೀಳುವ ಹಿಮಕ್ಕೆ ಗದರಿದರು:

"ಸಾಕು ಕಣೋ ಮಗಾ, ತಿಳೀತು! ಕೈ ಮರಗಟ್ಟೋಯ್ತದೆ, ಒಳಕ್ಕೆ ಹೋಗೋ!"